ಒಂದು ಸರಪಳಿ, ಹನ್ನೆರಡು ಕೊಂಡಿ

ನೆಲ ಅಳೆಯುವವನಿಗೆ ಒಂದೇ ಜಾಗದಿಂದ ಎರಡನೇ ಸಲ ಕರೆ ಬಂತೆಂದರೆ ಅದು ಒಳ್ಳೆಯ ಸುದ್ದಿಯಲ್ಲ. ಕಲ್ಲು ನೆಟ್ಟು, ಎರಡೂ ಕಡೆಯವರ ಸಹಿ ಹಾಕಿಸಿ, ಚಹಾ ಕುಡಿದು ಎದ್ದು ಬಂದ ಮೇಲೆ ಆ ಊರು ನಮ್ಮನ್ನು ಮರೆತುಬಿಡಬೇಕು. ಮರೆತರೆ ಅಳತೆ ಸರಿಯಾಗಿದೆ ಎಂದು ಅರ್ಥ.

ಆವತ್ತು ಬೆಳಿಗ್ಗೆ ಕುರುಗೋಡಿನ ನಮ್ಮ ಮನೆಯಲ್ಲಿ ಪೂಜೆ ಮುಗಿಸಿದ್ದೆ, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಸಿರುಗುಪ್ಪದ ಕಚೇರಿಯಿಂದ ಫೋನು ಬಂತು. ಹಚ್ಚೊಳ್ಳಿ ಕಡೆಯ ಒಂದು ಊರಿನ ಹೆಸರು ಹೇಳಿದರು. ಎರಡು ವರ್ಷದ ಹಿಂದೆ, ಸರ್ವೇಯರ್ ಲೈಸೆನ್ಸ್ ಕೈಗೆ ಬಂದ ಹೊಸದರಲ್ಲಿ, ಅಲ್ಲಿನ ಕ್ರೈಸ್ತರ ಸಮಾಧಿ ನೆಲಕ್ಕೂ ಪಕ್ಕದ ರೈತನ ಹೊಲಕ್ಕೂ ನಡುವೆ ಗಡಿ ಗುರುತಿಸಿ ಕಲ್ಲು ನೆಟ್ಟವನು ನಾನೇ.

"ಹೆಣ ಬಂದೈತ್ರಿ. ಹೂಳಾಕ ಆ ಹೊಲದೋರು ಬಿಡವಲ್ರು. ನಾಲ್ಕು ಗಂಟಿ ಒಳಗ ಗಡಿ ತೋರಿಸಿ ಬಗಿಹರಿಸ್ರಿ," ಎಂದರು.

ಬೇರೆ ದಿನವಾಗಿದ್ದರೆ ಇಷ್ಟು ಅವಸರ ಇರುತ್ತಿರಲಿಲ್ಲ. ಆದರೆ ಆ ವಾರವೇ ಸರಿ ಇರಲಿಲ್ಲ. ಯಾವುದೋ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಪೇಟೆಯಲ್ಲಿ ಕಲ್ಲು ತೂರಾಟವಾಗಿತ್ತು. ಗುಂಪು ಸೇರಬಾರದೆಂದು ಆದೇಶ ಬಂದಿತ್ತು, ಬಸ್ಸುಗಳು ಅರ್ಧಕ್ಕರ್ಧ ನಿಂತಿದ್ದವು. ಆ ವಿಡಿಯೋಕ್ಕೂ ಈ ಸಮಾಧಿಗೂ ಯಾವ ಸಂಬಂಧವೂ ಇರಲಿಲ್ಲ. ಹಾಗಂತ ಜಗಳಕ್ಕೆ ಸಂಬಂಧ ಬೇಕೇ? ನೆಪ ಸಿಕ್ಕರೆ ಸಾಕು. ಟೇಪು, ಕಬ್ಬಿಣದ ಗೂಟ, ಹಳೆಯ ನಕ್ಷೆಯ ನಕಲು ಎಲ್ಲವನ್ನೂ ಚೀಲಕ್ಕೆ ತುಂಬಿ ಬೈಕ್ ಹತ್ತಿದೆ.

ಅಲ್ಲಿನ ಪ್ರಾರ್ಥನಾ ಮಂದಿರವೆಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ. ಮುಂದೆ ರಸ್ತೆ, ಹಿಂದೆ ಗೋರಿಗಳು. ಬಾಗಿಲಲ್ಲಿ ಆಂಬುಲೆನ್ಸ್, ಅದರ ಹಿಂದೆ ಪೊಲೀಸ್ ಜೀಪು, ರಸ್ತೆಯಾಚೆ ಬೇವಿನ ಮರದ ಕೆಳಗೆ ಫೋನು ಹಿಡಿದು ನಿಂತ ಇಪ್ಪತ್ತು ಮೂವತ್ತು ಗಂಡಸರು. ಗುಂಪು ಸೇರಬಾರದೆಂಬ ಆದೇಶ ಅವರಿಗೆ ತಲುಪಿರಲಿಲ್ಲವೋ ಏನೋ.

ಒಳಗೆ ಚಾಪೆಯ ಮೇಲೆ ಒಂದಿಪ್ಪತ್ತು ಜನ ಕುಳಿತಿದ್ದರು. ಬಳ್ಳಾರಿಯಿಂದ ಪಾಸ್ಟರಿಗೆ ಬರಲಾಗಿರಲಿಲ್ಲ. ಸಭೆಯ, ಅಂದರೆ ಅಲ್ಲಿನ ಕ್ರೈಸ್ತರ ಕೂಟದ, ಹಿರಿಯರೊಬ್ಬರು ನಿಂತು ಪ್ರಾರ್ಥನೆ ಮಾಡುತ್ತಿದ್ದರು, ಅರ್ಧ ಕನ್ನಡ, ಅರ್ಧ ತೆಲುಗು. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ ಸಣಕಲು ಮನುಷ್ಯ. ಎರಡು ವರ್ಷದ ಹಿಂದೆ ನನ್ನ ಕಾಗದಕ್ಕೆ ಸಭೆಯ ಪರವಾಗಿ ಸಹಿ ಹಾಕಿದವರು ಅವರೇ. ತೀರಿಕೊಂಡವಳು ಅವರ ಅತ್ತಿಗೆ.

ನಾನು ಹುಟ್ಟಿದ್ದು ಲಿಂಗ ಕಟ್ಟಿಕೊಂಡ ಮನೆಯಲ್ಲಿ. ಇಂಥ ಪ್ರಾರ್ಥನೆಯನ್ನು ಹತ್ತಿರದಿಂದ ಕೇಳಿರಲಿಲ್ಲ, ಹೀಗಾಗಿ ಬಾಗಿಲಲ್ಲೇ ನಿಂತೆ. ಸತ್ತವಳಿಗೆ ಶಾಂತಿ ಕೇಳುತ್ತಾರೆ, ಇಲ್ಲವೇ ಎದುರಿನವರ ಮೇಲೆ ದೂರು ಹೇಳುತ್ತಾರೆ ಎಂದುಕೊಂಡಿದ್ದೆ. ಆ ಮನುಷ್ಯ ದಿಲ್ಲಿಯಿಂದ ಶುರು ಮಾಡಿದರು. ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ಆಳುವವರಿಗಾಗಿ, ಜಿಲ್ಲಾಧಿಕಾರಿಗಾಗಿ, ತಹಸೀಲ್ದಾರರಿಗಾಗಿ, ಹೊರಗೆ ಬಿಸಿಲಲ್ಲಿ ನಿಂತ ಪೊಲೀಸರಿಗಾಗಿ, ಪೇಟೆಯಲ್ಲಿ ಕಲ್ಲು ಎಸೆದವರಿಗಾಗಿ, ಕಲ್ಲೇಟು ತಿಂದವರಿಗಾಗಿ ಬೇಡಿಕೊಂಡರು. ಕೊನೆಗೆ, "ನಮ್ಮ ನೆಲ ಅಳಿಯೋ ಅಣ್ಣಗ ಕಣ್ಣು ಕೊಡು ತಂದಿ," ಎಂದರು. ಎಲ್ಲರೂ ಆಮೆನ್ ಅಂದರು.

ನನಗೆ ಕಸಿವಿಸಿಯಾಯಿತು. ಹೊರಗೆ ಬಂದ ಹಿರಿಯರನ್ನು ಕೇಳಿಯೇ ಬಿಟ್ಟೆ: "ನಾ ಬರೋದು ನಿಮ್ಗ ಗೊತ್ತಿತ್ತೇನ್ರಿ?"

"ಇಲ್ರಿ ಸಾಹೇಬ್ರ. ಇದು ಇವತ್ತಿಂದಲ್ಲ. ನೀವು ಕಲ್ಲು ನೆಟ್ಟ ಮ್ಯಾಲ ಪ್ರತಿ ಐತಾರ ಮಾಡ್ತೀವಿ."

"ಎಲ್ಡು ವರ್ಷ? ನನ್ನ ಕಣ್ಣಿಗೇನಾಗೈತ್ರಿ?"

"ಏನಾಗಿಲ್ರಿ," ಎಂದು ನಕ್ಕರು. "ಆಳೋರಿಗೆ, ಅಧಿಕಾರದಾಗ ಇರೋರಿಗೆ ಪ್ರಾರ್ಥನಿ ಮಾಡ್ರಿ ಅಂತ ನಮ್ಗ ಅಪ್ಪಣಿ ಐತಿ. ನಮ್ಮ ಪಾಲಿಗೆ ನೀವೂ ಅಧಿಕಾರದೋರ."

ಕಂತಿನ ಬೈಕು, ತುದಿ ಸವೆದ ಟೇಪು ಇಟ್ಟುಕೊಂಡ ನಾನು ದಿಲ್ಲಿಯವರ ಸಾಲಿನಲ್ಲಿ! ನಗು ಬಂತು. ಆದರೆ ಕುತೂಹಲ ಹೋಗಲಿಲ್ಲ. "ಕಲ್ಲು ತಪ್ಪು ಅನ್ನಿಸಿದ್ರ ಅವತ್ತ ಯಾಕ ತಕರಾರು ತಗೀಲಿಲ್ಲ?" ಎಂದೆ.

"ಅಳತಿ ನಮ್ಗ ತಿಳಿಯಂಗಿಲ್ರಿ. ನಿಮ್ಗ ತಿಳೀತೈತಿ. ಆಳೋನು ದೇವರು. ನಮ್ಮ ಮ್ಯಾಲೂ ಅವನ, ನಿಮ್ಮ ಮ್ಯಾಲೂ ಅವನ."

ಇದು ನಂಬಿಕೆಯೋ ಸೋಮಾರಿತನವೋ ನನಗೆ ಬಗೆಹರಿಯಲಿಲ್ಲ. ಅದನ್ನೇ ನನಗಿಂತ ಖಾರವಾಗಿ ಕೇಳುವವಳು ಅಲ್ಲೇ ಇದ್ದಳು. ತೀರಿಕೊಂಡವಳ ಮಗಳು, ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಆಂಬುಲೆನ್ಸಿನಲ್ಲಿ ತಾಯಿಯ ಜೊತೆ ಬಂದವಳು ಇನ್ನೂ ಅದರ ಮೆಟ್ಟಿಲ ಮೇಲೇ ಕುಳಿತಿದ್ದಳು.

"ದೇವರು ಆಳ್ತಾನ ಅಂತ ನೀ ಸಹಿ ಹಾಕಿ ಕುಂತಿ, ಸಣ್ಣಪ್ಪ," ಎಂದಳು, ತಂದೆಯ ತಮ್ಮನನ್ನು ನೋಡದೆ. "ಅಪ್ಪನ ಮಗ್ಗಲಿಗೆ ಇಡು ಅಂತ ಅವ್ವ ನನ್ನ ಕೈ ಹಿಡಕೊಂಡು ಕೇಳ್ಯಾಳ. ಈಗ ಆಕಿನ್ನ ಎಲ್ಲಿ ಇಡ್ಲಿ? ಹೇಳು."

ಅವಳ ಅಪ್ಪನ ಗೋರಿ ಇದ್ದದ್ದು ನಾನು ನೆಟ್ಟ ಕಲ್ಲಿನ ಆಚೆಗೆ, ರೈತನ ಪಾಲಿಗೆ ಹೋದ ಪಟ್ಟಿಯಲ್ಲಿ.

ರೈತ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ದಕ್ಷಿಣಕ್ಕೂ ಪೂರ್ವಕ್ಕೂ ಅವನದೇ ಹೊಲ. ಆ ಪಟ್ಟಿ ತನ್ನದೆಂದು ಕಾಗದ ಕೈಗೆ ಬಂದ ಮೇಲೂ ಅಲ್ಲಿದ್ದ ಗೋರಿಗಳನ್ನು ಮುಟ್ಟಿರಲಿಲ್ಲ. ಪಕ್ಕದಲ್ಲಿ ಭತ್ತದ ಹುಲ್ಲಿನ ಬಣವೆ ಒಟ್ಟಿದ್ದ, ಅಷ್ಟೇ.

"ಗೋರಿ ಇದ್ದ ನೆಲಕ್ಕ ನಾ ನೇಗಿಲ ಹಾಕಿಲ್ರಿ," ಎಂದ. "ಆದ್ರ ಹೊಸಾದು ಬ್ಯಾಡ. ಇವತ್ತ ಒಂದು ಅಂತೀರಿ, ನಾಳಿ ಹತ್ತಾಗ್ತಾವ. ಕಲ್ಲು ನೆಟ್ಟೋರು ನೀವ. ನೀವ ಹೇಳ್ರಿ, ಅದು ಯಾರದು?"

ಅಳೆದೆ. ರಸ್ತೆಯ ಮೂಲೆಯಲ್ಲಿ ಬ್ರಿಟಿಷರ ಕಾಲದ ಬಾಂದುಕಲ್ಲು ಇತ್ತು. ನಾಲ್ಕು ಕಡೆಯ ಗಡಿಗೂ ಅದೇ ಮೂಲ. ಊರಿನ ತಳವಾರ ಟೇಪಿನ ತುದಿ ಅದರ ಮೇಲೆ ಒತ್ತಿ ಹಿಡಿದ. ದಕ್ಷಿಣಕ್ಕೆ ಐವತ್ತೆಂಟು ಅಡಿ. ನನ್ನ ಕಲ್ಲು ಅಲ್ಲೇ ಇತ್ತು, ಒಂದು ಬೆರಳೂ ಅಲುಗಿರಲಿಲ್ಲ. ಎರಡು ವರ್ಷದ ಹಿಂದಿನ ಲೆಕ್ಕವೇ ಸರಿ. ತಹಸೀಲ್ದಾರರಿಗೆ ಫೋನಿನಲ್ಲಿ ಹೇಳಿದೆ. "ಇಬ್ರೂ ಒಪ್ಪಿ ಪಂಚನಾಮಿಗೆ ಸಹಿ ಹಾಕಿದ್ರ ಹೂಳ್ಲಿ. ಇಲ್ಲಂದ್ರ ನಾಲ್ಕು ಗಂಟಿಗೆ ಬಳ್ಳಾರಿಗೆ ಕಳಿಸ್ರಿ," ಎಂದರು. ಅಲ್ಲಿನ ಕಂಟೋನ್ಮೆಂಟ್ ಕಡೆ ಸಭೆಯವರ ಇನ್ನೊಂದು ಸಮಾಧಿ ನೆಲವಿತ್ತು. ರೈತ ತಲೆಯಾಡಿಸಿ ಆಗಲ್ಲ ಅಂದ. ಆಂಬುಲೆನ್ಸಿನ ಡ್ರೈವರು ಗಾಡಿ ತಿರುಗಿಸಿ ನಿಲ್ಲಿಸಿಕೊಂಡ.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಟೇಪು ಸುತ್ತಲು ಕೈ ಬರಲಿಲ್ಲ. ಆ ಪಟ್ಟಿಯಲ್ಲಿ ಒಂದಲ್ಲ, ಐದು ಗೋರಿಗಳಿದ್ದವು. ಎರಡಂತೂ ಬಹಳ ಹಳೆಯವು, ಕಲ್ಲಿನ ಮೇಲಿನ ತೆಲುಗು ಅಕ್ಷರ ಸವೆದುಹೋಗಿದ್ದವು. ಎಲ್ಲವೂ ಒಂದೇ ಸಾಲು, ಒಂದೇ ದಿಕ್ಕು. ಅಷ್ಟು ಹಿಂದೆ, ಗೌಡಿಕೆಯ ದರ್ಪದ ಕಾಲದಲ್ಲಿ, ಕೂಲಿ ಮಾಡುವ ಕ್ರೈಸ್ತರು ಇನ್ನೊಬ್ಬರ ಹೊಲದಲ್ಲಿ ಹೆಣ ಹೂಳಲು ಸಾಧ್ಯವಿತ್ತೇ? ಯಾರಾದರೂ ಬಿಡುತ್ತಿದ್ದರೇ?

ಮಂದಿರದ ಗೋಡೆಯ ನೆರಳಿನಲ್ಲಿ ಕುಳಿತು ನಕ್ಷೆಯ ನಕಲು ಬಿಚ್ಚಿದೆ. ದಕ್ಷಿಣದ ಗೆರೆಯ ಮೇಲೆ ಬರೆದದ್ದು ಇಷ್ಟೇ: ಒಂದು, ನಡುವೆ ಅಡ್ಡಗೀಟು, ಹನ್ನೆರಡು. ಒಂದು ಸರಪಳಿ ಹನ್ನೆರಡು ಆಣೆ ಎಂದು ಓದಿಕೊಂಡಿದ್ದೆ. ನನಗೆ ಕೆಲಸ ಕಲಿಸಿದವರು ಗದಗಿನ ಕಡೆಯ ನಿವೃತ್ತ ಸರ್ವೇಯರು. ಹಳೆಯ ಮುಂಬಯಿ ಪ್ರಾಂತ್ಯದ ಲೆಕ್ಕ ಅವರದು. ಅಲ್ಲಿ ಸರಪಳಿಗೆ ಮೂವತ್ತಮೂರು ಅಡಿ, ಒಂದು ಸರಪಳಿಗೆ ಹದಿನಾರು ಆಣೆ. ಹಾಗೆ ನೋಡಿದರೆ ಐವತ್ತೆಂಟು ಅಡಿ, ಸರಿ.

ಪೂರ್ವದ ಗೆರೆಯನ್ನು ಹಿಂದೆ ನಾನು ನೋಡಿಯೇ ಇರಲಿಲ್ಲ. ಆ ಕಡೆ ಹೊಲಗಾಲುವೆಯ ಪಕ್ಕದ ಕಾಂಪೌಂಡ್ ಗೋಡೆಯೇ ಗಡಿಯೆಂದು ಎಲ್ಲರೂ ಒಪ್ಪಿದ್ದರು, ತಕರಾರಿಲ್ಲದ ಗೆರೆಯನ್ನು ಯಾರು ಅಳೆಯುತ್ತಾರೆ? ಈಗ ನೋಡಿದೆ. ಸೊನ್ನೆ, ಅಡ್ಡಗೀಟು, ಅರವತ್ತೆಂಟು.

ಅರವತ್ತೆಂಟು ಆಣೆ ಎಂಬುದು ಇರಲು ಸಾಧ್ಯವೇ ಇಲ್ಲ. ಹದಿನಾರು ಆಣೆಗೆ ಸರಪಳಿ ಮುಗಿದುಹೋಗುತ್ತದೆ. ಇವು ಆಣೆಗಳಲ್ಲ, ಕೊಂಡಿಗಳು. ಬಳ್ಳಾರಿ ಹಿಂದೆ ಮದರಾಸಿಗೆ ಸೇರಿತ್ತು. ಮದರಾಸಿನವರ ಸರಪಳಿ ಅರವತ್ತಾರು ಅಡಿ ಉದ್ದ, ಅದರಲ್ಲಿ ನೂರು ಕೊಂಡಿ. ಒಂದು ಸರಪಳಿ ಹನ್ನೆರಡು ಕೊಂಡಿ ಅಂದರೆ ಎಪ್ಪತ್ತನಾಲ್ಕು ಅಡಿ. ಕುರುಗೋಡಿನಲ್ಲಿ ಹುಟ್ಟಿ, ಅಪ್ಪನ ಬಾಯಲ್ಲಿ ಮದರಾಸಿನ ಎಕರೆ ಸೆಂಟ್ಸು ಕೇಳುತ್ತಲೇ ಬೆಳೆದವನು ನಾನು. ಮದರಾಸಿನ ನಕ್ಷೆಯನ್ನು ಗದಗಿನ ಕಣ್ಣಲ್ಲಿ ಓದಿ ಹದಿನಾರು ಅಡಿ ನೆಲ ನುಂಗಿದ್ದೆ. ಹನ್ನೆರಡರ ಬದಲು ಇಪ್ಪತ್ತು ಎಂದಿದ್ದರೆ ಅವತ್ತೇ ಅನುಮಾನ ಬರುತ್ತಿತ್ತು. ನನ್ನ ಗ್ರಹಚಾರಕ್ಕೆ ಹನ್ನೆರಡು ಎರಡೂ ಲೆಕ್ಕದಲ್ಲಿ ಹೊಂದಿಕೊಂಡಿತ್ತು.

ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಸಬ್‌ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು ಹೇಳಿದೆ. ವಾರದಿಂದ ನಿದ್ದೆಗೆಟ್ಟ ಮನುಷ್ಯ, ಕಣ್ಣು ಕೆಂಪಗಿದ್ದವು. ಬೇವಿನ ಮರದ ಕಡೆ ಒಮ್ಮೆ ನೋಡಿದರು.

"ಇದನ್ನ ಇವತ್ತ ಹೇಳಾಕ ಹೋಗಬ್ಯಾಡ್ರಿ. ಸಭೆಯೋರ ಹತ್ರ ರೊಕ್ಕ ತಿಂದು ತಿರುಗಿಬಿದ್ದ ಅಂತ ನಾಲ್ಕು ಮಂದಿ ಅಂದ್ರ ಮುಗೀತು. ಹೆಣ ಬಳ್ಳಾರಿಗೆ ಹೋಗ್ಲಿ. ತಿಂಗಳ ಬಿಟ್ಟು ಮತ್ತ ಅರ್ಜಿ ಹಾಕಿಸ್ರಿ, ಅಳೀರಿ. ಬೀಸೋ ದೊಣ್ಣಿ ತಪ್ಪಿದ್ರ ಸಾವಿರ ವರ್ಷ ಆಯುಷ್ಯ."

ಮಾತಿನಲ್ಲಿ ಹುರುಳಿತ್ತು, ಅಷ್ಟೇ ಅಲ್ಲ, ನನಗೆ ಬಹಳ ಅನುಕೂಲವೂ ಇತ್ತು. ತಿಂಗಳು ಬಿಟ್ಟರೆ ಕಚೇರಿಯ ಕಾಗದದಲ್ಲಿ 'ಮರು ಅಳತೆ' ಎಂದು ಹೋಗುತ್ತದೆ. ಇವತ್ತು ಹೇಳಿದರೆ 'ತಪ್ಪು ಅಳತೆ', ಲೈಸೆನ್ಸಿಗೇ ಸಂಚಕಾರ. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಜವಾಬ್ದಾರಿಯನ್ನು ಬೇರೆಯವರ ತಲೆಗೆ ಕಟ್ಟೋಣವೆಂದು ಹಿರಿಯರ ಬಳಿ ಹೋದೆ. ವಿಷಯ ತಿಳಿಸಿ, ಈಗ ಹೇಳಿದರೆ ಗಲಾಟೆಯಾಗಬಹುದು, ಸುಮ್ಮನಿದ್ದರೆ ನಿಮ್ಮತ್ತಿಗೆ ಬಳ್ಳಾರಿಗೆ ಹೋಗುತ್ತಾಳೆ, ಏನು ಮಾಡಲಿ ಎಂದು ಕೇಳಿದೆ. ದೇವರು ಆಳುತ್ತಾನೆ ಎನ್ನುವವರು, 'ಬಿಡ್ರಿ, ಅವನಿಚ್ಛೆ' ಅನ್ನುತ್ತಾರೆ ಎಂದು ನನ್ನ ಆಸೆ.

ಅವರು ಆಂಬುಲೆನ್ಸಿನ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು. "ನಾವು ಪ್ರಾರ್ಥನಿ ಮಾಡಿದ್ದು ನಿಮ್ಮ ಕಣ್ಣಿಗ್ರಿ. ಬಾಯಿ ನಿಮ್ದು," ಎಂದರು.

ಮುದುಕನ ಮೇಲೆ ಸಿಟ್ಟು ಬಂತು. ನನ್ನ ಕಲ್ಲು ದಾಟಿ ರೈತನ ಬಳಿ ಹೋಗಿ, ಬೇವಿನ ಮರದವರಿಗೂ ಕೇಳುವಂತೆ ಹೇಳಿದೆ. ತಪ್ಪು ನನ್ನದು, ಸರಪಳಿ ತಪ್ಪು ಓದಿದ್ದೇನೆ, ಗಡಿ ಇಲ್ಲಿಲ್ಲ, ಇನ್ನೂ ಹದಿನಾರು ಅಡಿ ಆಚೆಗಿದೆ. ಎರಡು ಲೆಕ್ಕವನ್ನೂ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದೆ. ರೈತನ ಮುಖ ಕಪ್ಪಿಟ್ಟಿತು.

"ಅವತ್ತ ಅದು ನಂದು ಅಂದ್ರಿ, ಇವತ್ತ ಅವರ್ದು ಅಂತೀರಿ. ನಾಳಿ ನನ್ನ ಮನಿನೂ ಅವರ್ದ ಅಂತೀರೇನು?"

ಯಾರೋ ಹಿಂದಿನಿಂದ ಕೂಗಿದರು. ಫೋನುಗಳು ಮೇಲೆದ್ದವು. ಸಬ್‌ಇನ್‌ಸ್ಪೆಕ್ಟರು ಲಾಠಿ ಹಿಡಿದು ನಡುವೆ ಬಂದು ನಿಂತರು.

"ನನ್ನ ಮಾತು ನಂಬಬ್ಯಾಡ್ರಿ, ಗೌಡ್ರ," ಎಂದೆ. "ನಕ್ಷೆದಾಗ ಆ ಮೂಲೀಗೆ ಕಲ್ಲಿನ ಗುರುತೈತಿ. ಎಪ್ಪತ್ನಾಲ್ಕು ಅಡಿಗೆ ಅಗದು ನೋಡೋಣ. ಕಲ್ಲು ಸಿಕ್ರ ಅವರ್ದು. ಸಿಗಲಿಲ್ಲಂದ್ರ ನಾನ ಹೆಣ ಬಳ್ಳಾರಿಗೆ ಕಳಿಸ್ತೀನಿ."

ಅಳೆದ ಜಾಗ ಬಣವೆಯ ಅಂಚಿಗೆ ಬಂತು. ತಳವಾರ ಹಾರೆಯಿಂದ ಅಗೆದ. ಮೊಣಕಾಲುದ್ದ ಅಗೆದರೂ ಬರೀ ಕರಿಮಣ್ಣು, ಜಾಲಿ ಬೇರು. ಮರದ ಕೆಳಗೆ ಯಾರೋ ನಕ್ಕರು. ಗಂಟೆ ಮೂರಾಗಿತ್ತು. ಕಾಲುವೆಯ ಗುಂಟ ಎತ್ತಲಾದರೂ ಓಡಿಹೋಗಿಬಿಡಲೇ ಅನ್ನಿಸಿತು. ಆಗ ಟೇಪಿನ ಕಡೆ ಕಣ್ಣು ಹೋಯಿತು. ಅವಸರದಲ್ಲಿ ಅದನ್ನು ಗೋರಿಗಳ ದಿಬ್ಬದ ಮೇಲಿನಿಂದ ಎಳೆದುಬಿಟ್ಟಿದ್ದೆ. ಏರಿ ಇಳಿದ ಟೇಪು ಅಳತೆ ತಿನ್ನುತ್ತದೆ, ಇದು ಮೊದಲ ವಾರದ ಪಾಠ. ತಳವಾರನಿಗೆ ತುದಿ ಎತ್ತಿ ಹಿಡಿಯಲು ಹೇಳಿ, ಮಟ್ಟವಾಗಿ, ತುಂಡು ತುಂಡಾಗಿ, ಗೂಟ ಊರುತ್ತಾ ಮತ್ತೆ ಅಳೆದೆ. ಒಂದೂವರೆ ಅಡಿ ಮುಂದೆ ಹೋಯಿತು, ಸೀದಾ ಬಣವೆಯ ಅಡಿಗೆ.

ಬಣವೆ ರೈತನದು. ಅವನು ಸರಿಸದಿದ್ದರೆ ಅಗೆಯುವಂತಿಲ್ಲ. ಅವನು ಟವೆಲು ತಲೆಗೆ ಸುತ್ತಿ, "ತಗೀರಲೇ," ಎಂದು ತನ್ನ ಆಳುಗಳನ್ನು ಕರೆದು ತಾನೇ ಮೊದಲ ಹೊರೆ ಎಳೆದ. ಅವನಿಗೂ ತಿಳಿದುಕೊಳ್ಳಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಎರಡನೇ ಗುಂಡಿಯಲ್ಲಿ ನಾಲ್ಕನೇ ಏಟಿಗೆ ಹಾರೆ ಠಣ್ಣೆಂದಿತು. ಮಣ್ಣು ಬಳಿದಾಗ ಕಲ್ಲಿನ ನೆತ್ತಿಯ ಮೇಲೆ ಉಳಿಯಲ್ಲಿ ಕೆತ್ತಿದ ಸರ್ವೆಯವರ ಬಾಣದ ಗುರುತು ಕಂಡಿತು. ರೈತ ಬಗ್ಗಿ ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಪಂಚನಾಮೆಯ ಕಾಗದ ಮುಂದೆ ಹಿಡಿದರೆ ಸಹಿ ಹಾಕಲಿಲ್ಲ. ಅಷ್ಟು ಜನರೆದುರು ಸೋತವನಂತೆ ಕಾಣುವುದು ಅವನಿಗೆ ಬೇಡವಾಗಿತ್ತು.

ಇನ್ನೊಂದು ಅಳತೆ ಬಾಕಿಯಿತ್ತು. ಅದನ್ನು ಬಿಟ್ಟುಬಿಡಬಹುದಿತ್ತು, ಯಾರೂ ಕೇಳಿರಲಿಲ್ಲ. ಆದರೆ ಒಂದು ಗೆರೆಗೆ ಮದರಾಸಿನ ಸರಪಳಿಯಾದರೆ ಇನ್ನೊಂದಕ್ಕೂ ಅದೇ ತಾನೇ? ಪೂರ್ವಕ್ಕೆ ಅರವತ್ತೆಂಟು ಕೊಂಡಿ, ನಲವತ್ತೈದು ಅಡಿ. ಸಭೆಯವರು ಕಟ್ಟಿಸಿದ ಕಾಂಪೌಂಡ್ ಗೋಡೆ ಇದ್ದದ್ದು ನಲವತ್ತೆಂಟಕ್ಕೆ. ಮೂರು ಅಡಿ ರೈತನ ನೆಲ. ಹಿರಿಯರಿಗೆ ಮೆಲ್ಲಗೆ ಹೇಳಿದೆ, ಇದನ್ನು ಆಮೇಲೆ ನೋಡಿದರಾಯಿತು ಎಂದೂ ಸೇರಿಸಿದೆ.

ಅವರು ತಳವಾರನ ಕೈಯಿಂದ ಹಾರೆ ಇಸಿದುಕೊಂಡರು.

"ಸಣ್ಣಪ್ಪ, ಏನ್ ಮಾಡಾಕತ್ತಿ?" ಎಂದು ಮಗಳು ಓಡಿ ಬಂದಳು. "ಮೊದ್ಲು ಅವ್ವನ ಕೆಲಸ ಆಗ್ಲಿ!"

"ಮೊದ್ಲು ಇದು, ಆಮ್ಯಾಲ ಕುಣಿ," ಎಂದರು. "ಇನ್ನೊಬ್ರ ಮಣ್ಣು ಕೈಯಾಗ ಇಟ್ಕೊಂಡು ಆಕಿನ್ನ ಮಣ್ಣಿಗೆ ಹೆಂಗ ಇಡ್ಲಿ ಮಗಳ?"

ಗೋಡೆ ಗಟ್ಟಿಯಾಗಿತ್ತು, ಅವರ ಬೆನ್ನು ಗಟ್ಟಿ ಇರಲಿಲ್ಲ. ನಾಲ್ಕು ಏಟಿಗೆ ಎರಡು ಇಟ್ಟಿಗೆ ಬಿದ್ದವು. ಐದನೆಯ ಏಟಿಗೆ ಹಾರೆ ಎತ್ತುವಾಗ ರೈತ ಬಂದು ಹಾರೆಯ ನಡು ಹಿಡಿದ.

"ಸಾಕು ಬಿಡ್ರಿ ಹಿರೇರ. ಬ್ಯಾಸಗಿಗೆ ಒಡದ್ರಾತು, ನನ್ನ ಆಳು ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದ. "ಎಲ್ಲೈತ್ರಿ ನಿಮ್ಮ ಕಾಗದ? ಈ ಸಲನಾರ ನೆಟ್ಟಗ ಬರದೀರೇನು?"

ನನ್ನ ಮರ್ಯಾದೆ ಅಲ್ಲಿಗೆ ಪೂರ್ತಿ ಹೋಯಿತು, ಮನಸ್ಸು ಹಗುರವಾಯಿತು. 'ಹಿಂದಿನ ಅಳತೆಯಲ್ಲಿನ ತಪ್ಪು ನನ್ನದು' ಎಂದು ಮೊದಲ ಸಾಲಿನಲ್ಲೇ ಬರೆದು ಸಹಿ ಮಾಡಿದೆ, ಕೆಳಗೆ ಅವರಿಬ್ಬರೂ ಸಹಿ ಮಾಡಿದರು. ಆಮೇಲೆ ನನಗೆ ನೋಟಿಸೂ ಬಂತು, ಆರು ತಿಂಗಳು ಕೆಲಸವೂ ಇರಲಿಲ್ಲ. ಅದು ನ್ಯಾಯವೇ.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಕುಣಿ ತೋಡಲು ಶುರು ಮಾಡಿದರು. ಮಗಳು ಗಂಡಸರ ಜೊತೆ ತಾನೂ ಪೆಟ್ಟಿಗೆಗೆ ಹೆಗಲು ಕೊಟ್ಟಳು. ಗಂಡನ ಮಗ್ಗುಲಲ್ಲಿ ಹೆಂಡತಿಯನ್ನು ಇಟ್ಟರು. ಬೇವಿನ ಮರದ ಕೆಳಗಿನವರು ಒಬ್ಬೊಬ್ಬರಾಗಿ ಹೊರಟುಹೋದರು, ತೆಗೆದ ವಿಡಿಯೋದಲ್ಲಿ ಹಂಚುವಂಥದ್ದು ಏನೂ ಸಿಕ್ಕಿರಲಿಲ್ಲ. ಎಲ್ಲ ಮುಗಿದ ಮೇಲೆ ಹಿರಿಯರು ಹೊಸ ಮಣ್ಣಿನ ಪಕ್ಕ ಕುಳಿತಿದ್ದರು, ಮಗಳು ನೀರಿನ ಚೊಂಬು ಹಿಡಿದು ಅವರ ಬೆನ್ನ ಹಿಂದೆ ನಿಂತಿದ್ದಳು. ನಾನು ಹೊರಡಬೇಕಿತ್ತು. ಆದರೆ ಕುತೂಹಲ ಕಾಲು ಹಿಡಿದಿತ್ತು.

"ಒಂದು ಮಾತು ಕೇಳ್ತೀನ್ರಿ," ಎಂದೆ. "ಆ ಅರವತ್ತೆಂಟು ನನ್ನ ಕಣ್ಣಿಗೆ ಬೀಳದ ಹೋಗಿದ್ರ?"

"ಬಳ್ಳಾರಿಗೆ ಒಯ್ತಿದ್ವಿ."

"ಅಷ್ಟನಾ? ದೇವರು ಆಳ್ತಾನ ಅಂತ ಸುಮ್ನ ಒಯ್ತಿದ್ರಾ?"

"ಸುಮ್ನ ಯಾಕ್ರಿ, ಅಳಕೋಂತ ಒಯ್ತಿದ್ವಿ. ಅವನು ಅಲ್ಲೂ ಆಳ್ತಾನ." ಅಣ್ಣನ ಗೋರಿಯ ಮೇಲಿನ ಹುಲ್ಲುಕಡ್ಡಿಯೊಂದನ್ನು ಎತ್ತಿ ಪಕ್ಕಕ್ಕಿಟ್ಟರು. "ಎಲ್ಡು ವರ್ಷದ ಹಿಂದ ನಿಮ್ಮ ಕಾಗದಕ್ಕ ಸಹಿ ಹಾಕಿ ಮನಿಗೆ ಹೋಗಿ ಮೂರು ದಿನ ಉಂಡಿಲ್ರಿ ನಾನು. ಈಕಿಗೆ ಹೇಳಿಲ್ಲ. ಅವಾಗಿಂದ ಈ ಕಡಿ ಬಂದಾಗೆಲ್ಲ ನಮ್ಮಣ್ಣಗ ಮಾರಿ ತೋರಿಸಾಕ ಆಗ್ತಿರಲಿಲ್ಲ, ಆ ರಸ್ತಿ ಹಿಡದು ಸುತ್ತ ಹಾಕಿ ಹೋಗ್ತಿದ್ದೆ."

ಮಗಳು ಚೊಂಬನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಮಣ್ಣಿನ ಮೇಲೇ ಕುಳಿತಳು.